ನೀರು ಬಂದ ದಿನ ಬಾಡಿದ ಗಿಡ

ಎಲೆ ಜೋತುಬಿದ್ದರೆ ಸಾಕು, ಚೆಂಬು ಹಿಡಿದು ಓಡುತ್ತೇವೆ. ಆದರೆ ಮನೆಯೊಳಗಿನ ಗಿಡ ಬಾಯಾರಿದಾಗಲೂ ಬಾಡುತ್ತದೆ, ಮುಳುಗಿದಾಗಲೂ ಬಾಡುತ್ತದೆ. ಯಾವುದೆಂದು ತಿಳಿಯಲು ಮಣ್ಣಿನ ಕೆಳಗಿಳಿದು ನೋಡಬೇಕು. ಆ ವಿದ್ಯೆ ಚಿನ್ನದ ಗಣಿಯ ಊರು ಕೆಜಿಎಫ್‌ಗೆ ಹೊಸದೇನಲ್ಲ!

ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೊರಟುಹೋದ ಮೇಲಿನ ಒಂದು ಮಧ್ಯಾಹ್ನ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಚಿಕ್ಕಮ್ಮನ ಮನೆಗೆ ಹೋದರೆ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಆ ದಿನ ನಲ್ಲಿಯಲ್ಲಿ ನೀರು ಬಂದಿತ್ತು. ಬಕೆಟ್ಟು, ಬಿಂದಿಗೆ, ಡ್ರಮ್ಮು, ಕುಕ್ಕರು, ಕೊನೆಗೆ ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುವ ಹಿತ್ತಾಳೆ ಕೊಳಗ, ಎಲ್ಲವೂ ಬಾಯಿತನಕ ತುಂಬಿ ಸಾಲಾಗಿ ಕೂತಿದ್ದವು.

ಕಿಟಕಿಯ ಪಕ್ಕ, ಹಳೆಯ ಪೇಂಟ್ ಡಬ್ಬಿಯಲ್ಲಿ ಒಂದು ಮನಿ ಪ್ಲಾಂಟ್. ಅದೂ ಬಾಯಿತನಕ ತುಂಬಿತ್ತು. ಮಣ್ಣಿನ ಮೇಲೆ ಬೆರಳುದ್ದ ನೀರು. ಎಲೆಗಳು ಮಾತ್ರ, ಹಿಂಡದೆ ತಂತಿಗೆ ಹಾಕಿದ ಬಟ್ಟೆಯ ಹಾಗೆ ಜೋಲುತ್ತಿದ್ದವು.

"ಮೂರು ದಿನದಿಂದ ಹಿಂಗೇ ತಲೆ ಬಗ್ಗಿಸ್ಕೊಂಡು ಕೂತದೆ. ಇವತ್ತು ನೀರು ಬಂತಲ್ಲ, ಹೊಟ್ಟೆ ತುಂಬಾ ಹಾಕ್ದೆ ಕಣಪ್ಪ. ಆದ್ರೂ ಏಳ್ತಿಲ್ಲ" ಎಂದರು ಚಿಕ್ಕಮ್ಮ.

"ಹೋದ ಸಲ ನೀರು ಬಂದಾಗ್ಲೂ ಹಿಂಗೇ ಹಾಕಿದ್ರಾ ಚಿಕ್ಕಮ್ಮ?"

"ಹಾಕ್ದೆ ಇರ್ತೀನಾ? ಮತ್ತೆ ಯಾವಾಗ ಬರುತ್ತೋ ಯಾರಿಗ್ಗೊತ್ತು!"

ರೋಗ ಅಲ್ಲೇ ಸಿಕ್ಕಿತು. ಈ ಗಿಡವನ್ನು ಬಾಡಿಸಿದ್ದು ನೀರಿನ ಬರವಲ್ಲ, ಬರದ ಭಯ.

ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಕೋಲಾರ. ಇಲ್ಲಿ ನೀರು ಬಂದ ದಿನವೆಂದರೆ ಹಬ್ಬವೂ ಹೌದು, ಯುದ್ಧವೂ ಹೌದು. ಕಣ್ಣಿಗೆ ಬಿದ್ದ ಪಾತ್ರೆಯೆಲ್ಲ ತುಂಬಬೇಕು. ಹೂಕುಂಡವೂ ಒಂದು ಪಾತ್ರೆಯೇ ಎಂದು ಕೈ ತಾನಾಗಿ ಎಣಿಸಿಬಿಡುತ್ತದೆ. ಉಳಿದ ಪಾತ್ರೆಗಳಿಗೂ ಕುಂಡಕ್ಕೂ ಇರುವ ವ್ಯತ್ಯಾಸ ಒಂದೇ: ಕುಂಡದೊಳಗೆ ಉಸಿರಾಡುವ ಜೀವವಿದೆ.

ಮೇಲೆ ಬರ, ಕೆಳಗೆ ಪ್ರವಾಹ

ಈ ಊರಿಗೆ ಈ ವಿಪರ್ಯಾಸ ಹೊಸದಲ್ಲ. ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಪ್ರತಿವರ್ಷ ಬೇಸಿಗೆಯ ಬಾಗಿಲಲ್ಲೇ ಆ ದಿನ ಬರುತ್ತದೆ. ಗಣಿ ನಡೆಯುತ್ತಿದ್ದಷ್ಟು ಕಾಲ ಒಳಗೆ ಒಸರುವ ನೀರನ್ನು ಪಂಪುಗಳು ಮೇಲೆತ್ತಿ ಚೆಲ್ಲುತ್ತಿದ್ದವು. ಪಂಪು ನಿಂತಿತು, ನೀರು ನಿಲ್ಲಲಿಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಸೇರಿದಂತೆ ಶಾಫ್ಟುಗಳಲ್ಲಿ ನೀರು ಏರುತ್ತಾ ಹೋಯಿತು.

ನೆಲದ ಮೇಲೆ ಕೊಡಗಳ ಸಾಲು, ನೆಲದಡಿ ಮುಳುಗಿದ ಸುರಂಗಗಳು. ಚಿಕ್ಕಮ್ಮನ ಪೇಂಟ್ ಡಬ್ಬಿಯೂ ಅದರ ಪುಟ್ಟ ಪ್ರತಿಯಾಗಿತ್ತು: ಮೇಲೆ ಬಾಡಿದ ಎಲೆ, ಕೆಳಗೆ ಮುಳುಗಿದ ಬೇರು.

ಚಿಕ್ಕಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದರು. ಗಣಿ ಮುಚ್ಚುವವರೆಗೆ ಅಂಡರ್‌ಗ್ರೌಂಡ್ ಇಳಿದವರು. "ಕೆಳಗಿಳಿದವನಿಗೆ ನೀರು ಆಮೇಲೆ. ಮೊದ್ಲು ಗಾಳಿ ಬೇಕು" ಎಂದಷ್ಟೇ ಹೇಳಿ ಮತ್ತೆ ಪೇಪರ್ ಎತ್ತಿಕೊಂಡರು.

ಅದು ಗಣಿಯ ಮಾತು. ಬಂಡೆಯೇ 60 ಡಿಗ್ರಿ ದಾಟಿ ಕಾಯುವ ಆಳಕ್ಕೆ ಮೇಲಿನಿಂದ ಗಾಳಿ ಕಳಿಸದೆ ಒಂದು ಪಾಳಿಯೂ ನಡೆಯುತ್ತಿರಲಿಲ್ಲ. ಆದರೆ ಸಸ್ಯವಿಜ್ಞಾನದ ಪಾಠವೊಂದನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಾಣೆ.

ಚಿನ್ನದ ಬಳ್ಳಿಯ ಜಾತಕ

ಚಿನ್ನದೂರಿನ ಕಿಟಕಿಗೆ ಮನಿ ಪ್ಲಾಂಟಿಗಿಂತ ಒಪ್ಪುವ ಗಿಡವಿಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಗಣಿಗೆ ಕೈಹಾಕಿದ್ದು 1880ರಲ್ಲಿ. ಈ ಬಳ್ಳಿಗೆ ಯುರೋಪಿನ ಸಸ್ಯಶಾಸ್ತ್ರಿಗಳು ಮೊದಲು ಹೆಸರಿಟ್ಟದ್ದೂ ಅದೇ 1880ರಲ್ಲಿ. ಆಗಿನ ಹೆಸರು ಪೋಥೋಸ್ ಆರಿಯಸ್, ಈಗ ಎಪಿಪ್ರೆಮ್ನಮ್ ಆರಿಯಂ. ಲ್ಯಾಟಿನ್ನಿನಲ್ಲಿ 'ಆರಿಯಸ್' ಎಂದರೆ ಚಿನ್ನದ ಬಣ್ಣದ್ದು. ಎಲೆಯ ಮೇಲಿನ ಹಳದಿ ಗೀರುಗಳಿಗೆ ಬಂದ ಹೆಸರದು.

ಇದರ ತವರು ಶಾಂತಸಾಗರದ ನಡುವಿನ ಮೊರೆಯಾ ಎಂಬ ಪುಟ್ಟ ದ್ವೀಪ. ಅಲ್ಲಿ ಮರ ಹಬ್ಬಿ ಬೆಳೆಯುತ್ತದೆ. ಮರದ ನೆರಳಿನ ಮಂದ ಬೆಳಕು, ಎಲೆಗೊಬ್ಬರದ ಸಡಿಲ ಮಣ್ಣು, ಗಾಳಿಯಲ್ಲೇ ತೂಗುವ ಬೇರುಗಳು. ಕೆಸರಲ್ಲಿ ಕೂತು ಅಭ್ಯಾಸವಿಲ್ಲದ ಗಿಡ.

ಇದು ಹೂ ಬಿಡುವುದಂತೂ ಅಪರೂಪದಲ್ಲಿ ಅಪರೂಪ. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ವಂಶವಾಹಿಯೇ ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೂವಿಲ್ಲ, ಆದ್ದರಿಂದ ಬೀಜವಿಲ್ಲ. ನಮ್ಮ ಮನೆಗಳಲ್ಲಿರುವ ಮನಿ ಪ್ಲಾಂಟೆಲ್ಲ ಯಾರೋ ಯಾರಿಗೋ ಮುರಿದುಕೊಟ್ಟ ತುಂಡು. ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ನೀರಿನ ಹಗ್ಗ

ಶಾಫ್ಟಿನ ಮೇಲೆ ನಿಂತ ಕಬ್ಬಿಣದ ಹೆಡ್‌ಗಿಯರ್ ನೋಡದ ಕೆಜಿಎಫ್ ಮಕ್ಕಳಿಲ್ಲ. ಅದರ ಗಾಲಿಯ ಮೇಲೆ ಹಾದ ಉಕ್ಕಿನ ಹಗ್ಗ ಪಾತಾಳದ ಕೇಜನ್ನು ಮೇಲೆಳೆಯುತ್ತಿತ್ತು. ಗಿಡದೊಳಗೂ ಅಂಥದೇ ಹಗ್ಗವಿದೆ, ನೀರಿನ ಹಗ್ಗ. ಅಲ್ಲಿ ಎಲೆಯೇ ಹೆಡ್‌ಗಿಯರ್.

ಬೇರು ನೀರನ್ನು ಮೇಲಕ್ಕೆ ತಳ್ಳುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಮುಖ್ಯ ಕೆಲಸ ನಡೆಯುವುದು ಮೇಲಿನಿಂದ. ಎಲೆಯ ಸಣ್ಣ ರಂಧ್ರಗಳಿಂದ ಆವಿ ಹೊರಬಿದ್ದಂತೆಲ್ಲ, ಒಂದನ್ನೊಂದು ಬಿಡದೆ ಹಿಡಿದುಕೊಂಡ ನೀರಿನ ಕಣಗಳು ಸರಪಳಿಯಾಗಿ ಮೇಲೇರುತ್ತವೆ. ಡಬ್ಲಿನ್ನಿನ ಡಿಕ್ಸನ್ ಮತ್ತು ಜಾಲಿ ಎಂಬ ವಿಜ್ಞಾನಿಗಳು 1894ರಲ್ಲಿ ಇದನ್ನು ಮುಂದಿಟ್ಟರು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗೂ ಹೆಚ್ಚು ಹೀಗೆ ಆವಿಯಾಗಿಯೇ ಹೋಗುತ್ತದೆ.

ಎಲೆ ನೆಟ್ಟಗೆ ನಿಲ್ಲುವುದು ಮೂಳೆಯ ಬಲದಿಂದಲ್ಲ, ನೀರಿನ ಒತ್ತಡದಿಂದ. ಒಂದೊಂದು ಜೀವಕೋಶವೂ ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಬಿಗಿದಿರುತ್ತದೆ. ಹೋಗುವ ನೀರು ಹೆಚ್ಚಾಗಿ ಬರುವ ನೀರು ಕಡಿಮೆಯಾದರೆ ಟ್ಯೂಬು ಮೆತ್ತಗಾಗುತ್ತದೆ. ನಾವು ಬಾಡುವುದು ಎನ್ನುವುದು ಇದನ್ನೇ.

ಬರುವ ನೀರು ಕಡಿಮೆಯಾಗುವುದು ಎರಡು ರೀತಿಯಲ್ಲಿ. ಮಣ್ಣಿನಲ್ಲಿ ನೀರೇ ಇಲ್ಲದಿರಬಹುದು. ಅಥವಾ ನೀರಿದ್ದೂ ಎಳೆದುಕೊಳ್ಳಲು ಬೇರಿಗೆ ಶಕ್ತಿ ಇಲ್ಲದಿರಬಹುದು.

ಎರಡನೆಯದರಲ್ಲೇ ಮೋಸವಿರುವುದು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರಬೇಕು. ಅಲ್ಲಿ ನೀರು ತುಂಬಿತೋ, ಆಮ್ಲಜನಕದ ದಾರಿ ಮುಚ್ಚಿತು. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರು, ನೀರು ಒಳಗೆ ಬರುವ ತನ್ನ ಬಾಗಿಲುಗಳನ್ನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಕೊಳೆಸುವ ಶಿಲೀಂಧ್ರಗಳ ಸರದಿ.

ಕೋಲಾರದ ಟೊಮೆಟೊ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಡಿಮಳೆಗೆ ಸಾಲಿನಲ್ಲಿ ನೀರು ನಿಂತರೆ ಟೊಮೆಟೊ ಗಿಡ ಎಲೆ ಇಳಿಬಿಡುತ್ತದೆ. ಮುಳುಗಿದ ಬೇರು ಮೇಲಕ್ಕೆ ಕಳಿಸುವ ರಾಸಾಯನಿಕ ಎಲೆಯಲ್ಲಿ ಎಥಿಲೀನ್ ಅನಿಲವಾಗಿ, ಎಲೆಯ ತೊಟ್ಟನ್ನೇ ಕೆಳಕ್ಕೆ ಬಗ್ಗಿಸುತ್ತದೆ. ಆಗ ಯಾವ ರೈತನೂ ಇನ್ನಷ್ಟು ನೀರು ಹಾಯಿಸುವುದಿಲ್ಲ. ಗುದ್ದಲಿ ಹಿಡಿದು ನೀರು ಬಸಿಯಲು ಕಾಲುವೆ ಬಿಡಿಸುತ್ತಾನೆ. ಮನೆಯೊಳಗಿನ ಕುಂಡದ ಮುಂದೆ ಮಾತ್ರ ನಾವು ಈ ಬುದ್ಧಿ ಮರೆಯುತ್ತೇವೆ.

ಬಾಕ್ಸ್: ಚೆಂಬು ಎತ್ತುವ ಮೊದಲು ಮೂರು ಪರೀಕ್ಷೆ

ಬೆರಳು: ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಣಗಿದ್ದರೆ ಬಾಯಾರಿಕೆ. ತಣ್ಣಗೆ ಅಂಟಿಕೊಂಡರೆ ನೀರು ಹೆಚ್ಚು. ಮೇಲ್ಮಣ್ಣು ಒಣಗಿದ್ದು ಒಳಗೆ ಕೆಸರಿರುವುದೂ ಉಂಟು.

ತೂಕ: ಕುಂಡವನ್ನು ಎತ್ತಿ ನೋಡಿ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಸೂರ್ಯಕಾಂತಿ ಗಿಡದ ಕುಂಡವನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಿಗ್ಗೆ ಸಂಜೆ ತೂಗಿ, ಎಲೆಯಿಂದ ಆವಿಯಾಗುವ ನೀರಿನ ಲೆಕ್ಕ ಕಂಡುಹಿಡಿದದ್ದು ಹೀಗೆಯೇ. ಅವರ ಪುಸ್ತಕ ಬಂದದ್ದು 1727ರಲ್ಲಿ. ನಿಮಗೆ ತಕ್ಕಡಿ ಬೇಡ, ಕೈ ಸಾಕು.

ವಾಸನೆ: ಕುಂಡದ ಅಡಿಯ ತೂತಿಗೆ ಮೂಗು ಹಿಡಿಯಿರಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಕ್ಷೇಮ. ಚರಂಡಿ ವಾಸನೆ ಬಂದರೆ ಬೇರು ಕೊಳೆಯುತ್ತಿದೆ.

ಬಾಯಾರಿದ ಗಿಡಕ್ಕೆ

ಒಣಗಿ ಬಾಡಿದ ಗಿಡ ಬದುಕಿಸುವುದು ಸುಲಭ. ಆದರೆ ತುಂಬಾ ಒಣಗಿದ ಮಣ್ಣು, ಅದರಲ್ಲೂ ತೆಂಗಿನ ನಾರಿನ ಪುಡಿ ಬೆರೆಸಿದ್ದು, ನೀರನ್ನು ಒಳಗೆ ಬಿಟ್ಟುಕೊಳ್ಳದು. ಮೇಲೆ ಸುರಿದ ನೀರು ಕುಂಡದ ಗೋಡೆಯ ಸಂದಿನಿಂದ ಜಾರಿ ತಟ್ಟೆಗೆ ಬರುತ್ತದೆ. ಗಿಡ ಕುಡಿಯಿತು ಎಂದು ನಾವು ಸಮಾಧಾನಪಡುತ್ತೇವೆ. ಬೇರಿಗೆ ಹನಿಯೂ ತಲುಪಿರುವುದಿಲ್ಲ.

ಒಂದು ಬೇಸಿನ್ನಿನಲ್ಲಿ ನಾಲ್ಕು ಬೆರಳು ನೀರು ತುಂಬಿ ಕುಂಡವನ್ನು ಅದರಲ್ಲಿ ಇಳಿಸಿ. ಅಡಿಯ ತೂತಿನಿಂದ ಮಣ್ಣು ತಾನಾಗಿ ನೀರೆಳೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಮೇಲ್ಮಣ್ಣು ತೇವವಾದರೆ ತೆಗೆದು, ಪೂರ್ತಿ ಬಸಿಯಲು ಬಿಟ್ಟು ನೆರಳಿಗಿಡಿ. ಮನಿ ಪ್ಲಾಂಟ್, ಪೀಸ್ ಲಿಲ್ಲಿಯಂಥವು ಸಂಜೆಯೊಳಗೇ ತಲೆ ಎತ್ತುತ್ತವೆ. ಬೇಸಿನ್ನಿನಲ್ಲಿ ಉಳಿದ ನೀರು ಮುಂದಿನ ಕುಂಡಕ್ಕೆ. ನೀರಿನ ಬೆಲೆ ಗೊತ್ತಿರುವ ಊರಿಗೆ ಒಗ್ಗುವ ಉಪಾಯ.

ಮಧ್ಯಾಹ್ನದ ಝಳಕ್ಕೆ ಜೋತು ಸಂಜೆಗೆ ತಾನೇ ಏಳುವ ಗಿಡಕ್ಕೆ ಏನೂ ಆಗಿಲ್ಲ. ಆವಿ ಹೋಗುವ ವೇಗಕ್ಕೆ ಬೇರು ಸ್ವಲ್ಪ ಹಿಂದೆ ಬಿದ್ದಿದೆ, ಅಷ್ಟೆ. ಬಿಸಿಲಿನಿಂದ ಎರಡಡಿ ಸರಿಸಿದರೆ ಸಾಕು.

ಮುಳುಗಿದ ಗಿಡಕ್ಕೆ

ಚಿಕ್ಕಮ್ಮನ ಗಿಡದ್ದು ಇನ್ನೊಂದು ಕಥೆ. ಹಳೆಯ ಪೇಪರ್ ಹಾಸಿ ಡಬ್ಬಿಯನ್ನು ಮಗುಚಿದೆವು. ಅಡಿಯಲ್ಲಿ ತೂತೇ ಇರಲಿಲ್ಲ! ಮುದ್ದೆಯಾದ ಮಣ್ಣಿನ ಜೊತೆ ಗಟಾರದ ವಾಸನೆಯೂ ಹೊರಬಂತು.

ಮಣ್ಣು ಬಿಡಿಸಿ ಬೇರು ತೊಳೆದೆವು. ಆರೋಗ್ಯವಂತ ಬೇರು ಬೆಳ್ಳಗೆ, ಬಿಗಿಯಾಗಿ ಇರುತ್ತದೆ. ಕೊಳೆತದ್ದು ಕಂದು. ಹಿಡಿದೆಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳಿಯುತ್ತದೆ. ಮುಕ್ಕಾಲು ಪಾಲು ಅಂಥದ್ದೇ. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕೊಳೆತದ್ದನ್ನೆಲ್ಲ ಬೆಳ್ಳಗಿನ ಭಾಗ ಸಿಗುವವರೆಗೆ ಕತ್ತರಿಸಿದೆವು.

ಬೇರು ಕಡಿಮೆಯಾದ ಮೇಲೆ ಎಲೆಯ ಸಂಸಾರವನ್ನೂ ಕಿರಿದು ಮಾಡಬೇಕು. ಇಲ್ಲವಾದರೆ ದುಡಿಯುವವರು ಇಬ್ಬರು, ಉಣ್ಣುವವರು ಹನ್ನೆರಡು ಎಂಬಂತಾಗುತ್ತದೆ. ಉದ್ದ ಬಳ್ಳಿಗಳನ್ನು ಕತ್ತರಿಸಿ ಬದಿಗಿಟ್ಟೆವು. ಎಸೆಯಲಿಲ್ಲ.

ಹೊಸ ಕುಂಡ ಹಳೆಯದಕ್ಕಿಂತ ಚಿಕ್ಕದು, ಉಳಿದ ಬೇರು ಹಿಡಿಸುವಷ್ಟೇ. ದೊಡ್ಡ ಕುಂಡದ ಹೆಚ್ಚುವರಿ ಮಣ್ಣು ನೀರು ಹಿಡಿದಿಟ್ಟು ಮತ್ತದೇ ಕೆಸರಾಗುತ್ತದೆ. ಕೆಮ್ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ದಪ್ಪ ಮರಳೂ ಎರೆಗೊಬ್ಬರವೂ ಸೇರಿ ಒಂದು ಪಾಲು. ಕುಂಡದ ಅಡಿಗೆ ತೂತು, ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು.

ಒಮ್ಮೆ ನೀರು ಹಾಕಿ ಬಸಿದ ಮೇಲೆ, ಪೂರ್ವದ ಕಿಟಕಿಗೆ ಒಂದಡಿ ಈಚೆ ಇಟ್ಟೆವು. ಮುಂದಿನ ನೀರು ಬೆರಳು ಹೇಳಿದಾಗ ಮಾತ್ರ.

"ಗೊಬ್ಬರ?" ಎಂದು ಚಿಕ್ಕಮ್ಮ ಕೇಳಿದರು. ಜ್ವರದಿಂದ ಎದ್ದವರಿಗೆ ಬಿರಿಯಾನಿ ಹಾಕುವುದಿಲ್ಲವಲ್ಲ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.

ಉಪ್ಪು ಮತ್ತು ಧೂಳು

ನೀರಿನ ಅಳತೆ ಸರಿಯಾದರೂ ಎಲೆ ಸೊರಗಿದರೆ ನೀರಿನ ಗುಣವನ್ನು ನೋಡಬೇಕು. ಬಂಗಾರಪೇಟೆ, ಕೆಜಿಎಫ್ ಸುತ್ತಮುತ್ತ ಆಳದ ಬೋರ್‌ವೆಲ್ ನೀರು ಗಡಸು. ಸ್ನಾನದ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪದರವೇ ಕುಂಡದ ಬಾಯಿಗೂ ಕಟ್ಟುತ್ತದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ನೀರಿದ್ದರೂ ಬೇರಿಗೆ ದಕ್ಕದು. ಎಲೆಯ ತುದಿ ಕಂದಾಗಿ ಸುಡುವುದು ಇದರ ಗುರುತು.

ನಲ್ಲಿ ನೀರನ್ನು ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಸ್ವಲ್ಪ ಹಾರಿಹೋಗಬಹುದು, ಉಪ್ಪು ಹಾರಿಹೋಗುವುದಿಲ್ಲ. ಮನೆಯ ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಕುಂಡಕ್ಕೆ ಹಾಕುವವರಿದ್ದಾರೆ. ಉಳಿತಾಯದ ಮನಸ್ಸು ಒಳ್ಳೆಯದೇ, ಆದರೆ ಯಂತ್ರ ಬೇರ್ಪಡಿಸಿದ ಉಪ್ಪೆಲ್ಲ ಇರುವುದು ಆ ನೀರಿನಲ್ಲೇ. ಅದು ನೆಲ ಒರೆಸಲು ಸರಿ. ಗಿಡಕ್ಕೆ ಮಳೆನೀರು ಮೇಲು. ತಾರಸಿಯ ಪೈಪಿಗೆ ಒಂದು ಡ್ರಮ್ ಇಟ್ಟರೆ ಕೈತೋಟವಿಲ್ಲದ ಮನೆಯ ಹತ್ತು ಕುಂಡಗಳಿಗೆ ಬಹಳ ದಿನ ಬರುತ್ತದೆ. ಎರಡು ತಿಂಗಳಿಗೊಮ್ಮೆ ಕುಂಡವನ್ನು ಅದೇ ನೀರಿನಲ್ಲಿ ಧಾರಾಳವಾಗಿ ತೊಳೆದು ಬಸಿದರೆ ಕಟ್ಟಿದ ಉಪ್ಪು ಹೊರಟುಹೋಗುತ್ತದೆ.

ಇನ್ನು ಕೆಜಿಎಫ್‌ಗೆ ಮಾತ್ರ ಸೇರಿದ ಒಂದು ಕಾಟವಿದೆ. ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿ ಇಲ್ಲಿ ಗುಡ್ಡವಾಗಿ ನಿಂತಿದೆ. ಸುಮಾರು 3.3 ಕೋಟಿ ಟನ್. ಸೈನೈಡ್ ಬಳಸಿ ಚಿನ್ನ ತೆಗೆದ ಪುಡಿಯಾದ್ದರಿಂದ ಊರ ಬಾಯಲ್ಲಿ ಅವು 'ಸೈನೈಡ್ ದಿಬ್ಬ'. ಗಾಳಿಯ ತಿಂಗಳುಗಳಲ್ಲಿ ಆ ನುಣುಪು ಧೂಳು ಎದ್ದು ಮನೆಯೊಳಗೆ ನುಗ್ಗುತ್ತದೆ. ಟಿವಿಯ ಮೇಲೆ ಕೂತ ಧೂಳನ್ನು ಒರೆಸುವವರು ಎಲೆಯ ಮೇಲೆ ಕೂತದ್ದನ್ನು ಮರೆಯುತ್ತಾರೆ. ಎಲೆಗೆ ಧೂಳೆಂದರೆ ಬೆಳಕಿಗೆ ಅಡ್ಡ ಎಳೆದ ಪರದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ, ಎಲೆಯ ಕೆಳಗೆ ಅಂಗೈ ಹಿಡಿದು, ಎರಡೂ ಬದಿ ಒರೆಸಿ. ಹಾಗೆ ಒರೆಸುವಾಗಲೇ ತೊಟ್ಟಿನ ಸಂದಿಯಲ್ಲಿ ಹತ್ತಿಯಂತೆ ಅಡಗಿದ ಹಿಟ್ಟುತಿಗಣೆಯೂ ಸಿಕ್ಕಿಬೀಳುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಮುಟ್ಟಿಸಿದರೆ ಅದರ ಕಥೆ ಮುಗಿಯಿತು.

ಬಾಕ್ಸ್: ಇವನ್ನು ಮಾಡಬೇಡಿ

* ಬಾಡಿದ ಗಿಡವನ್ನು 'ಬಿಸಿಲು ಕಾಣಲಿ' ಎಂದು ಅಂಗಳಕ್ಕೆ ತಳ್ಳಬೇಡಿ. ಒಳಗಿದ್ದ ಎಲೆ ಒಂದೇ ದಿನದಲ್ಲಿ ಸುಡುತ್ತದೆ.
* ನರ್ಸರಿಯಿಂದ ತಂದ ದಿನವೇ ಕುಂಡ ಬದಲಿಸಬೇಡಿ. ಜಾಗ ಬದಲಾದ ಗಿಡ ಒಂದೆರಡು ವಾರ ಮಂಕಾಗಿರುವುದು ಸಹಜ.
* ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಬೇರೂ ಕೊಳೆಯುತ್ತದೆ, ಸೊಳ್ಳೆಯೂ ಹುಟ್ಟುತ್ತದೆ.
* 'ದಿನಕ್ಕೊಂದು ಲೋಟ' ಎಂಬ ಲೆಕ್ಕ ಬಿಡಿ. ಏಪ್ರಿಲಿನ ಬಾಯಾರಿಕೆ ಬೇರೆ, ಆಗಸ್ಟಿನದು ಬೇರೆ.
* ಮನಿ ಪ್ಲಾಂಟ್ ಎಲೆ ಮಗುವಿನ, ಬೆಕ್ಕಿನ ಬಾಯಿಗೆ ಸಿಗದಿರಲಿ. ಅದರೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳು ಬಾಯಿ, ಗಂಟಲನ್ನು ಉರಿಸುತ್ತವೆ.

ಗೆಣ್ಣಿನಲ್ಲಿ ಜೀವ

ಬೇರೆಲ್ಲ ಕೊಳೆತುಹೋದರೆ? ಹಾಗಾದರೂ ಮನಿ ಪ್ಲಾಂಟ್ ಸತ್ತಂತಲ್ಲ. ಬಳ್ಳಿಯ ಒಂದೊಂದು ಗೆಣ್ಣಿನಲ್ಲೂ ಕಂದು ಬಣ್ಣದ ಸಣ್ಣ ಮೊಳೆಯೊಂದು ಕಾದು ಕೂತಿರುತ್ತದೆ. ಗೆಣ್ಣಿನ ಅರ್ಧ ಇಂಚು ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ, ಎಲೆ ಮುಳುಗದಂತೆ ನೀರಿನ ಬಾಟಲಿಗೆ ಹಾಕಿದರೆ ಎರಡು ಮೂರು ವಾರದಲ್ಲಿ ಬಿಳಿ ಬೇರು ಬರುತ್ತದೆ. ಗೆಣ್ಣಿಲ್ಲದ ಬರಿಯ ಎಲೆ ತಿಂಗಳುಗಟ್ಟಲೆ ಹಸಿರಾಗಿದ್ದರೂ ಬಳ್ಳಿಯಾಗುವುದಿಲ್ಲ.

ಬೇರು ನೀರಿನಲ್ಲಿ ಕೊಳೆಯುತ್ತದೆ ಎಂದು ಈಗ ತಾನೆ ಹೇಳಿದಿರಲ್ಲ ಎಂದು ಕೇಳಬಹುದು. ಬಾಟಲಿಯ ನೀರನ್ನು ವಾರಕ್ಕೊಮ್ಮೆ ಬದಲಿಸುತ್ತೇವೆ, ಹೊಸ ನೀರಿನ ಜೊತೆ ಕರಗಿದ ಗಾಳಿಯೂ ಬರುತ್ತದೆ. ಅಲ್ಲೇ ಹುಟ್ಟಿದ ಬೇರು ಅದಕ್ಕೆ ಒಗ್ಗಿಕೊಂಡೇ ಬೆಳೆಯುತ್ತದೆ. ನಿಂತು ನಾರುವ ಕೆಸರಿನ ಕಥೆ ಬೇರೆ.

ಕತ್ತರಿಸಿ ಬದಿಗಿಟ್ಟಿದ್ದ ಬಳ್ಳಿಯಿಂದ ಐದು ತುಂಡು ಸಿಕ್ಕವು. ಮೂರು ಚಿಕ್ಕಮ್ಮನ ಅಡುಗೆಮನೆ ಕಿಟಕಿಗೆ. ಎರಡನ್ನು ಒದ್ದೆ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಸಂಜೆ ಕೋರಮಂಡಲ್ ಸ್ಟೇಷನ್ನಿನಲ್ಲಿ ಮಾರಿಕುಪ್ಪಂನಿಂದ ಬಂದ ರೈಲು ಹತ್ತಿದೆ. ಗಣಿಗೆಂದೇ ಹಾಕಿದ ಹಳಿ ಇದು. ಗಣಿ ಮುಚ್ಚಿದ ಮೇಲೆ ಬೆಳಗಿನ ಜಾವ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರನ್ನು ಹೊರುತ್ತಿದೆ. ಬಂಗಾರಪೇಟೆಯಲ್ಲಿ ಇಳಿದು, ಈ ಊರಿನ ಹೆಸರು ದೂರದೂರಿಗೆ ಮುಟ್ಟಿಸಿದ ತಿಳಿನೀರಿನ ಪಾನಿಪುರಿ ತಿನ್ನುವಾಗಲೂ ಒಂದು ಕೈಯಲ್ಲಿ ಆ ಪೇಪರಿನ ಸುರುಳಿ ಇತ್ತು.

ಮೂರು ವಾರ ಬಿಟ್ಟು ಚಿಕ್ಕಮ್ಮನ ಫೋನು.

"ಮೂರರಲ್ಲಿ ಎರಡಕ್ಕೆ ಬೇರು ಬಂದದೆ ಕಣಪ್ಪ. ಬೆಳ್ಳಗೆ, ಶಾವಿಗೆ ಥರ."

"ದೊಡ್ಡ ಗಿಡ?"

"ಒಂದು ಎಲೆ ಸುರುಳಿ ಬಿಡ್ತಾ ಅದೆ. ನಿಮ್ಮ ಚಿಕ್ಕಪ್ಪ ಬೆಳಿಗ್ಗೆ ಎದ್ದು ಅದನ್ನೇ ನೋಡ್ತಾ ಕೂತಿರ್ತಾರೆ."

"ನೀರು?"

"ಇವತ್ತೇ ಬಂತು. ಎಲ್ಲಾ ತುಂಬಿಸಿಟ್ಟೆ."

"ಗಿಡಕ್ಕೆ ಹಾಕಿದ್ರಾ ಚಿಕ್ಕಮ್ಮ?"

"ಎತ್ತಿ ನೋಡ್ದೆ. ಭಾರ ಇತ್ತು. ಬಿಟ್ಟೆ."